ನೂಲಿನಂತೆ ಸೀರೆ

“ನೂಲಿನಂತೆ ಸೀರೆ, ತಾಯಿಯಂತೆ ಮಗಳು” ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಅದನ್ನು ಆಡುವಾಗ ನಮ್ಮ ಮನಸ್ಸು ಹರಿಯುವುದೆಲ್ಲ ಅದರ ಉತ್ತರಾರ್ಧದ ಕಡೆಗೆ. ತಾಯಿ ಮಗಳನ್ನು ಕುರಿತು ನಾಲ್ಕು ಮಾತನಾಡುವುದಕ್ಕೆ ನೂಲು ಒಂದು ನೆಪ, ಅಷ್ಟೆ. ಗಾದೆಯನ್ನು ಮೊದಲು ಕಟ್ಟಿದವರಿಗೆ ನೂಲಿನ ಗುಣ ತಿಳಿದಿತ್ತು; ತಿಳಿದಿದ್ದುದರಿಂದಲೇ ಆ ಉಪಮಾನ ಹುಟ್ಟಿತು. ಇಂದು ಉಪಮಾನ ಉಳಿದಿದೆ, ತಿಳಿವಳಿಕೆ ಕಳೆದುಹೋಗಿದೆ.

ಕ್ರೋಷಾ ಮತ್ತು ಹೆಣಿಗೆಯ ಕೆಲಸದಲ್ಲಿ ಈ ನಷ್ಟ ಎದ್ದು ಕಾಣುತ್ತದೆ. ಬಾಗಿಲ ತೋರಣ, ಮೇಜಿನ ಹಾಸು, ಹೂಜಿಯ ಮೇಲೆ ಮುಚ್ಚುವ ಮಣಿಯಂಚಿನ ಬಲೆ, ಮಗುವಿನ ಕುಲಾವಿ—ಇವುಗಳಿಗಾಗಿ ನಮ್ಮ ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಕಣ್ಣು ಬೆರಳುಗಳನ್ನು ಸವೆಸುತ್ತಾರೆ. ವಿನ್ಯಾಸವನ್ನು ಹತ್ತು ಕಡೆ ಹುಡುಕಿ ಆರಿಸುತ್ತಾರೆ. ದಾರ ಮಾತ್ರ ಅಂಗಡಿಯವನು ಕೊಟ್ಟದ್ದು! ಎರಡು ಒಗೆತಕ್ಕೆ ಬಣ್ಣ ಬಿಟ್ಟು, ನೊರಜೆದ್ದು, ಜೋಲುಬಿದ್ದ ಹಾಸನ್ನು ಕಂಡಾಗ “ಕೈ ಪಳಗಿಲ್ಲ” ಎನ್ನುತ್ತಾರೆ. ಬಹುಮಟ್ಟಿಗೆ ತಪ್ಪು ಕೈಯದಲ್ಲ, ನೂಲಿನದು.

ದಾರದ ಮಾತು ಸಾಹಿತ್ಯದ ಪುಟದಲ್ಲೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಜೇಡರ ದಾಸಿಮಯ್ಯ ನೇಯ್ದವನು. ಕದಿರ ರೆಮ್ಮವ್ವೆಯ ಹೆಸರಿನಲ್ಲಿಯೇ ಕದಿರು ಇದೆ. ಆ ಪರಂಪರೆಯವರಾದ ನಮಗೆ ನೂಲು ಹೊರಗಿನದೆಂದು ಅನ್ನಿಸುವುದು ಆಶ್ಚರ್ಯ.

ಅಂಗಡಿಯಲ್ಲಿ ಹೊಳೆಯುವ ಹತ್ತಿಯ ಉಂಡೆಯ ಮೇಲೆ ‘ಮರ್ಸರೈಸ್ಡ್’ ಎಂದು ಅಚ್ಚಾಗಿರುತ್ತದೆ. ಅದು ಮನುಷ್ಯನೊಬ್ಬನ ಹೆಸರೆಂಬುದು ಬಹಳ ಜನಕ್ಕೆ ತಿಳಿಯದು. ಇಂಗ್ಲೆಂಡಿನ ಲ್ಯಾಂಕಷೈರ್ ಸೀಮೆಯ ಜಾನ್ ಮರ್ಸರ್ (1791–1866) ಬಾಲ್ಯದಲ್ಲಿ ನೂಲು ಸುತ್ತುವ ಕೆಲಸಕ್ಕಿದ್ದು, ಕೈಮಗ್ಗದಲ್ಲಿ ನೇಯ್ದು, ಬಣ್ಣಗಾರಿಕೆಯನ್ನು ಸ್ವಂತವಾಗಿ ಕಲಿತವನು. ಸಾಂದ್ರವಾದ ಕಾಸ್ಟಿಕ್ ಸೋಡಾ ದ್ರಾವಣವನ್ನು ಹತ್ತಿಯ ಬಟ್ಟೆಯಲ್ಲಿ ಸೋಸಿದರೆ ಬಟ್ಟೆಯೇ ಮಾರ್ಪಾಟಾಗುವುದನ್ನು 1844ರಲ್ಲಿ ಗಮನಿಸಿದನು. 1850ರಲ್ಲಿ ಅದಕ್ಕೆ ಪೇಟೆಂಟು ಪಡೆದನು. ಬಟ್ಟೆ ಗಟ್ಟಿಯಾಯಿತು, ಬಣ್ಣವನ್ನು ಚೆನ್ನಾಗಿ ಹೀರಿತು. ಆದರೆ ಬಹಳವಾಗಿ ಕುಗ್ಗಿತು. ಕುಗ್ಗುವ ಬಟ್ಟೆಯನ್ನು ಯಾವ ಗಿರಣಿಯವನು ಒಪ್ಪುತ್ತಾನೆ? ಮರ್ಸರ್ ತೀರಿಕೊಂಡು ಎರಡು ದಶಕಗಳು ಕಳೆದ ಮೇಲೆ, 1890ರ ಹೊತ್ತಿಗೆ, ಹೊರೇಸ್ ಲೋ ಎಂಬಾತ ನೂಲನ್ನು ಬಿಗಿಯಾಗಿ ಎಳೆದು ಹಿಡಿದು ಅದೇ ಸಂಸ್ಕಾರವನ್ನು ನಡೆಸಿದನು. ನೂಲು ಕುಗ್ಗಲಿಲ್ಲ; ಅದಕ್ಕೆ ಮೊದಲಿಲ್ಲದ ಹೊಳಪು ಬಂತು. ಇದರಿಂದ ಒಂದು ನೀತಿಯನ್ನು ತೆಗೆಯುವ ಆಸೆ ಕನ್ನಡದ ಅಧ್ಯಾಪಕರಿಗೆ ಸಹಜ. ಅದನ್ನು ಅದುಮಿಕೊಂಡು ಮುಂದೆ ಹೋಗುತ್ತೇನೆ.

ಹೊಳಪಿನ ಗುಟ್ಟು ಸರಳವಾದುದು. ಸಾದಾ ಹತ್ತಿಯ ಎಳೆ ಸೂಕ್ಷ್ಮದರ್ಶಕದಲ್ಲಿ ತಿರುಚಿದ ಚಪ್ಪಟೆ ಪಟ್ಟಿಯಂತೆ ಕಾಣುತ್ತದೆ. ಬೆಳಕು ಅದರ ಮೇಲೆ ಬಿದ್ದು ಚದುರಿಹೋಗುತ್ತದೆ. ಕ್ಷಾರದಲ್ಲಿ ಎಳೆ ಉಬ್ಬಿ, ತಿರುಚು ಬಿಚ್ಚಿ, ದುಂಡಾಗುತ್ತದೆ. ಬೆಳಕು ಒಂದೇ ಸಮನಾಗಿ ಹಿಂದಿರುಗುತ್ತದೆ. ಆದುದರಿಂದ ಈ ಹೊಳಪು ಮೇಲೆ ಬಳಿದದ್ದಲ್ಲ, ಎಳೆಯ ಆಕಾರದಲ್ಲಿಯೇ ಇರುವಂಥದು, ಒಗೆದರೆ ಹೋಗುವುದಿಲ್ಲ.

ಆದರೂ ಬೆಳ್ಳಗಿರುವುದೆಲ್ಲ ಹಾಲಲ್ಲ. ಕೃತಕ ರೇಷ್ಮೆಯೂ ಹೊಳೆಯುತ್ತದೆ, ಪಾಲಿಯೆಸ್ಟರೂ ಹೊಳೆಯುತ್ತದೆ. ಗೇಣುದ್ದದ ದಾರವನ್ನು ಸುಟ್ಟು ನೋಡಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿಯುತ್ತದೆ. ಪಾಲಿಯೆಸ್ಟರಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್ ಎಂಬ ಕೃತಕ ರೇಷ್ಮೆಯೂ ಹತ್ತಿಯಂತೆಯೇ ಉರಿಯುವುದರಿಂದ ಅದಕ್ಕೆ ಬೇರೆ ಪರೀಕ್ಷೆ ಬೇಕು: ದಾರವನ್ನು ನೆನೆಸಿ ಎಳೆಯಿರಿ. ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿ. ವಿಸ್ಕೋಸ್ ಒದ್ದೆಯಾದಾಗ ದುರ್ಬಲ. ಬಣ್ಣದ ದಾರವನ್ನು ಒದ್ದೆಯ ಬಿಳಿ ಬಟ್ಟೆಗೆ ಉಜ್ಜಿದರೆ ಅದರ ನಿಷ್ಠೆಯೂ ತಿಳಿಯುತ್ತದೆ. ಕೆಂಪು, ಕಡುನೀಲಿಗಳಿಗೆ ಈ ಪರೀಕ್ಷೆಯನ್ನು ತಪ್ಪಿಸಲೇಬಾರದು.

ಇನ್ನು ಎಳೆಯ ಉದ್ದ. ಈ ಸಂಸ್ಕಾರ ಚೆನ್ನಾಗಿ ಫಲಿಸುವುದು ಉದ್ದ ಎಳೆಯ ಹತ್ತಿಯಲ್ಲಿ. ತುಂಡು ಎಳೆಯ ನೂಲಿನಲ್ಲಿ ತುದಿಗಳು ಹೊರಚಾಚಿ ಹೊಳಪನ್ನು ಕೆಡಿಸುತ್ತವೆ. ಅಂಥ ಉದ್ದ ಎಳೆಯ ಹತ್ತಿ ನಮಗೆ ಪರದೇಶದ್ದೇನೂ ಅಲ್ಲ. 1972ರ ‘ವರಲಕ್ಷ್ಮಿ’, 1981ರ ‘ಜಯಲಕ್ಷ್ಮಿ’ ಎಂಬ ಹೆಸರಾಂತ ಸಂಕರ ತಳಿಗಳು ಧಾರವಾಡದ ಸಂಶೋಧನೆಯ ಫಲ. ಒಳ್ಳೆಯ ನೂಲಿನ ಮೈಯನ್ನು ಬೆಳಕಿಗೆ ಹಿಡಿದರೆ ಕೂದಲು ಕಾಣಬಾರದು, ಹುರಿ ಬಿಗಿಯಾಗಿರಬೇಕು. ಹುರಿ ಸಡಿಲವಾದರೆ ಕ್ರೋಷಾ ಕಡ್ಡಿಯ ಕೊಕ್ಕೆ ನೂಲನ್ನು ಸೀಳಿಕೊಂಡು ಹೋಗುತ್ತದೆ.

ಕ್ರೋಷಾ ದಾರದ ಸಂಖ್ಯೆ ಹೆಚ್ಚಿದಷ್ಟೂ ದಾರ ಸಣ್ಣ. ಹಾಸು ತೋರಣಗಳಿಗೆ 10, ನವುರಾದ ಕೆಲಸಕ್ಕೆ 20, ಕರವಸ್ತ್ರದ ಅಂಚಿಗೆ 40 ಅಥವಾ ಅದಕ್ಕೂ ಸಣ್ಣದು ಒಪ್ಪುತ್ತದೆ. ಕಡ್ಡಿಯ ಸಂಖ್ಯೆ ಒಂದೊಂದು ಪದ್ಧತಿಯಲ್ಲಿ ಒಂದೊಂದು ಬಗೆ. ಮಿಲಿಮೀಟರ್ ಅಳತೆಯನ್ನು ನಂಬುವುದು ಲೇಸು. 10ರ ದಾರಕ್ಕೆ ಸುಮಾರು 1.5 ಮಿ.ಮೀ. ಕಡ್ಡಿ ಸರಿಹೋಗುತ್ತದೆ. ಉಂಡೆಯ ಚೀಟಿಯ ಮೇಲಿನ ಬಣ್ಣದ ಲಾಟ್ ಸಂಖ್ಯೆಯನ್ನು ನೋಡಿ, ಬೇಕಾದಷ್ಟನ್ನೂ ಒಮ್ಮೆಗೇ ಕೊಳ್ಳಬೇಕು. ಅದೇ ಬಣ್ಣವೆಂದು ಎರಡನೆಯ ಸಲ ತಂದದ್ದು ಹಾಸಿನ ನಡುವೆ ಗೆರೆಯಾಗಿ ನಿಲ್ಲುತ್ತದೆ.

ಎಲ್ಲ ಕೆಲಸಕ್ಕೂ ಇದೇ ನೂಲು ಬೇಕೆಂದು ನನ್ನ ವಾದವಲ್ಲ. ಒರೆಸುವ ಬಟ್ಟೆಗೆ, ಮೈಯುಜ್ಜುವ ಚೌಕಕ್ಕೆ ನೊರಜು ಉಳಿದ ಮೆತ್ತನೆಯ ಸಾದಾ ಹತ್ತಿಯೇ ಮೇಲು. ವಿನ್ಯಾಸದ ಒಂದೊಂದು ಕಣ್ಣೂ ಬಿಡಿಸಿ ಕಾಣಬೇಕಾದ ಕೆಲಸಕ್ಕೆ ಮರ್ಸರನ ನೂಲು. ಹೆಣಿಗೆಯಲ್ಲಂತೂ ಉಲ್ಲನ್ನಿನ ಅಭ್ಯಾಸವನ್ನು ಬದಿಗಿಡಬೇಕು. ಉಲ್ಲನ್ ಎಳೆದರೆ ಹಿಂದಕ್ಕೆ ಬರುತ್ತದೆ; ಹತ್ತಿ ಬರುವುದಿಲ್ಲ. ತನ್ನ ಭಾರಕ್ಕೆ ತಾನೇ ಜಗ್ಗಿ ಉದ್ದವಾಗುತ್ತದೆ, ಕತ್ತಿನ ಪಟ್ಟಿ ಸಡಿಲಗೊಳ್ಳುತ್ತದೆ. ಅಂಗೈಯಗಲದ ಮಾದರಿಯೊಂದನ್ನು ಹೆಣೆದು, ಒಗೆದು, ಒಣಗಿಸಿ, ಕೆಲವು ದಿನ ತೂಗುಹಾಕಿ, ಆಮೇಲೆ ಅಳತೆ ತೆಗೆಯುವವರು ಜಾಣರು.

ಪೋಷಣೆಯ ಮಾತು ಹೆಚ್ಚಿಲ್ಲ. ತಣ್ಣೀರು, ಮೃದುವಾದ ಸಾಬೂನು. ಹಿಂಡುವುದು ಬೇಡ, ದಪ್ಪ ಟವೆಲಿನಲ್ಲಿ ಸುತ್ತಿ ಒತ್ತಿದರೆ ಸಾಕು. ತೂಗುಹಾಕದೆ, ಆಕಾರಕ್ಕೆ ಎಳೆದು, ನೆರಳಿನಲ್ಲಿ ಹರಡಿ ಒಣಗಿಸಬೇಕು. ಬಿಳುಪಿನ ಆಸೆಗೆ ಕ್ಲೋರಿನ್ ಪುಡಿಯನ್ನು ಪದೇ ಪದೇ ಹಾಕಿದರೆ ನೂಲು ಸವೆಯುತ್ತದೆ. ಇಸ್ತ್ರಿಯನ್ನು ಹಿಂಬದಿಯಿಂದ, ತೇವವಿರುವಾಗಲೇ ಹಾಕಬೇಕು. ಗಂಜಿ ಹಾಸಿಗೆ ನಿಲುವು ಕೊಡುತ್ತದೆ ನಿಜ. ಆದರೆ ಪೆಟ್ಟಿಗೆಯಲ್ಲಿಡುವ ಮೊದಲು ಅದನ್ನು ಒಗೆದು ತೆಗೆಯದಿದ್ದರೆ ಜಿರಳೆಗಳಿಗೆ ಔತಣ. ಉಣ್ಣೆಯನ್ನು ತಿನ್ನುವ ನುಸಿ ಶುಭ್ರವಾದ ಹತ್ತಿಯನ್ನು ಮುಟ್ಟದು; ಅದಕ್ಕೆ ಶತ್ರು ತೇವ. ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಆಗಾಗ ಗಾಳಿಗೆ ಹರಡುವುದೇ ಔಷಧ. ಮಡಿಸುವುದಕ್ಕಿಂತ ಸುರುಳಿ ಸುತ್ತಿಡುವುದು ಲೇಸು.

ಇಷ್ಟಾದ ಮೇಲೆ ಮುಖ್ಯವಾದ ಪ್ರಶ್ನೆಗೆ ಬರೋಣ. ಈ ತಿಳಿವಳಿಕೆಯನ್ನು ನಾವು ಏಕೆ ಕೀಳುಗಳೆದೆವು? ಕ್ರೋಷಾ ‘ಹೊತ್ತು ಹೋಗದವರ ಕೆಲಸ’ ಎಂಬ ಭಾವನೆಯೇ ಕಾರಣವೆಂದು ನನ್ನ ಅಭಿಪ್ರಾಯ. ಈ ಭಾವನೆ ನಿರಪಾಯವಾದುದಲ್ಲ. ಆಂಧ್ರದ ನರಸಾಪುರದ ಸುತ್ತಿನ ಹೆಂಗಸರು ಕ್ರೋಷಾ ಲೇಸನ್ನು ಹೆಣೆದು ಪರದೇಶಗಳಿಗೆ ಕಳಿಸುವ ಉದ್ಯಮಕ್ಕೆ ಹತ್ತೊಂಬತ್ತನೆಯ ಶತಮಾನದಷ್ಟು ಹಳೆಯ ಬೇರುಗಳಿವೆ. ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ ಅವರನ್ನು ಕುರಿತು 1982ರಲ್ಲಿ ಪುಸ್ತಕವನ್ನು ಪ್ರಕಟಿಸಿದರು. ಇವರು ‘ಗೃಹಿಣಿಯರು’, ಇದು ‘ಬಿಡುವಿನ ಕೆಲಸ’ ಎಂದು ಕರೆದುದರಿಂದಲೇ ಅವರ ದುಡಿಮೆ ದುಡಿಮೆಯೆಂದು ಕಾಣದೆ, ಕೂಲಿ ತೀರ ಕೆಳಗೆ ಉಳಿಯಿತೆಂಬುದು ಆಕೆಯ ವಾದದ ತಿರುಳು. ಒಂದು ಶಬ್ದ ಕೂಲಿಯನ್ನು ಇಳಿಸಬಲ್ಲದು! ಶಬ್ದವನ್ನೇ ಬದುಕಾಗಿಸಿಕೊಂಡ ನಾವು ಇದನ್ನು ಗಮನಿಸಬೇಡವೆ?

ನಮ್ಮ ಮನೆಗಳಲ್ಲಿಯೂ ಇದೇ ನಡೆಯುತ್ತದೆ. ಕೈಯಿಂದ ಹೆಣೆದ ಹಾಸಿನ ಬೆಲೆ ಕೇಳುವವರು “ದಾರಕ್ಕೆ ಎಷ್ಟಾಯಿತು?” ಎಂದು ಕೇಳುತ್ತಾರೆ; ದಿನವೆಷ್ಟು ಹಿಡಿಯಿತೆಂದು ಕೇಳುವುದಿಲ್ಲ. ಅಗ್ಗದ ದಾರವನ್ನು ಕೊಂಡು ಉಳಿತಾಯ ಮಾಡಿದೆವೆಂದು ನಂಬುವುದೂ ಇದೇ ಲೆಕ್ಕದ ತಪ್ಪು. ಅಂಥ ಹಾಸಿನಲ್ಲಿ ದಾರದ ಬೆಲೆ ಎಲ್ಲಕ್ಕಿಂತ ಚಿಕ್ಕ ಪಾಲು. ಹೆಣೆದವಳ ಆಯುಸ್ಸಿನ ಗಳಿಗೆಗಳು ದೊಡ್ಡ ಪಾಲು. ದೊಡ್ಡದನ್ನು ಉಳಿಸುವುದಕ್ಕೆ ಚಿಕ್ಕದರಲ್ಲಿ ಕೈ ಬಿಗಿಹಿಡಿಯಬಾರದು. ತನ್ನ ಹೊತ್ತಿಗೆ ಬೆಲೆಯುಂಟೆಂದು ತಿಳಿದವಳು ಒಳ್ಳೆಯ ನೂಲನ್ನು ಕೇಳಿ ಪಡೆಯುತ್ತಾಳೆ. ಒಳ್ಳೆಯ ನೂಲನ್ನು ಗುರುತಿಸಬಲ್ಲವಳು ತನ್ನ ಕೆಲಸಕ್ಕೆ ತಕ್ಕ ಬೆಲೆಯನ್ನೂ ಕೇಳುತ್ತಾಳೆ.

ಇದನ್ನೆಲ್ಲ ಕನ್ನಡದಲ್ಲಿ ಹೇಳುವುದು ಕಷ್ಟವೆ? ಅರಳೆ, ಹಂಜಿ, ಎಳೆ, ಹುರಿ, ಲಡಿ, ಉಂಡೆ—ಮಾತುಗಳು ನಮ್ಮಲ್ಲಿ ಬೇಕಾದಷ್ಟಿವೆ. ಕೊರತೆಯಿರುವುದು ಮಾತಿನದಲ್ಲ, ಮಾತಾಡುವ ಮನಸ್ಸಿನದು. ಮನೆಯ ಹಿರಿಯ ಹೆಂಗಸರ ಬೆರಳುಗಳಲ್ಲಿರುವುದನ್ನು ಓದು ಬಲ್ಲ ಮಕ್ಕಳು ಕೇಳಿ ಬರೆದಿಡಬಾರದೇಕೆ? ಒಂದು ಜಿಲ್ಲೆಯ ದಾರದ ಮಾತುಗಳನ್ನು ಕೂಡಿಹಾಕಿದ ವಿದ್ಯಾರ್ಥಿ, ಹಳೆಯ ಶಾಸನವನ್ನು ಓದಿದವನಿಗಿಂತ ಕಡಿಮೆ ಸೇವೆಯನ್ನೇನೂ ಮಾಡಿದಂತಾಗುವುದಿಲ್ಲ. ಆಗ ಗಾದೆಯ ಪೂರ್ವಾರ್ಧಕ್ಕೂ ಅರ್ಥ ಬಂದೀತು.