ತಾತನ ಹೆಸರೂ ರಾಷ್ಟ್ರರಹಸ್ಯವೇ?

ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಅದರಲ್ಲಿ ಕಾದಾಡಿದ ಮುತ್ತಜ್ಜನನ್ನು ಹುಡುಕುವವರಿಗಾಗಿ ಅಲ್ಲಿನ ನ್ಯಾಷನಲ್ ಪಾರ್ಕ್ ಸರ್ವೀಸ್ ಸುಮಾರು 63 ಲಕ್ಷ ಸೈನಿಕ ದಾಖಲೆಗಳನ್ನು ಜಾಲತಾಣದಲ್ಲಿ ತೆರೆದಿಟ್ಟಿದೆ. ಗುಲಾಮಗಿರಿಯ ಪರವಾಗಿ ನಿಂತು ಸೋತವರ ಹೆಸರೂ ಅದರಲ್ಲಿದೆ. ಪಲ್ಟನ್ನು ಯಾವುದು, ಸೇರಿದಾಗ ಹುದ್ದೆ ಏನು, ಬಿಟ್ಟಾಗ ಏನು, ಎಲ್ಲ ಸಿಗುತ್ತದೆ.

ಈಗ ನಮ್ಮ ಹನೂರು ಸೀಮೆಯ ಒಡೆಯರಪಾಳ್ಯಕ್ಕೆ ಬನ್ನಿ. 1970ರ ದಶಕದಲ್ಲಿ ಇಲ್ಲಿ ನೆಲೆಗೊಂಡ ಧೊಂಡೆನ್‌ಲಿಂಗ್ ಟಿಬೆಟನ್ ಕ್ಯಾಂಪಿನ ಗೆಳೆಯನೊಬ್ಬ ನನಗಿಂತ ಸೊಗಸಾಗಿ ಈ ಕಡೆಯ ಕನ್ನಡ ಆಡುತ್ತಾನೆ. ತಾತನ ಬಗ್ಗೆ ಕೇಳಿದರೆ ಅವನಿಗೆ ಗೊತ್ತಿರುವುದು ಒಂದೇ ಮಾತು: ‘ಟೂ-ಟೂ’ದಲ್ಲಿದ್ದರು, ಬಾಂಗ್ಲಾಕ್ಕೆ ಹೋಗಿದ್ದರು.

‘ಟೂ-ಟೂ’ ಅಂದರೆ ಎಸ್ಟಾಬ್ಲಿಷ್‌ಮೆಂಟ್ 22, ಅರ್ಥಾತ್ ಸ್ಪೆಷಲ್ ಫ್ರಾಂಟಿಯರ್ ಫೋರ್ಸ್. 1962ರ ನವೆಂಬರಿನಲ್ಲಿ, ಚೀನಾ ಯುದ್ಧದ ನಡುವೆಯೇ, ಟಿಬೆಟನ್ ನಿರಾಶ್ರಿತರನ್ನು ಸೇರಿಸಿ ಚಕ್ರಾತಾದಲ್ಲಿ ಕಟ್ಟಿದ ಪಡೆ. ಅವರು ಸೇರಿದ್ದು ಟಿಬೆಟ್ಟಿಗಾಗಿ. ಕಳಿಸಿದ್ದು ಮಾತ್ರ ಪಾಕಿಸ್ತಾನದ ಅಂತರ್ಯುದ್ಧಕ್ಕೆ. 1971ರ ಕೊನೆಯಲ್ಲಿ ಮೇಜರ್ ಜನರಲ್ ಸುಜಾನ್ ಸಿಂಗ್ ಉಬಾನ್ ನೇತೃತ್ವದಲ್ಲಿ ಸುಮಾರು 3,000 ಮಂದಿ ಮಿಜೋ ಬೆಟ್ಟಗಳಿಂದ ಚಿತ್ತಗಾಂಗ್ ಕಾಡಿಗೆ ಇಳಿದರು. ಸತ್ತವರು 56 ಎನ್ನುತ್ತಾರೆ, ಗಾಯಗೊಂಡವರು ಅದರ ಮೂರು ಪಟ್ಟಿಗೂ ಹೆಚ್ಚು. ದೇಶವಿಲ್ಲದವರು ಎರಡನೆಯವರ ಪರವಾಗಿ ಮೂರನೆಯವರಿಗೆ ದೇಶ ಗೆದ್ದುಕೊಟ್ಟರು. ಬಹಿರಂಗ ಶೌರ್ಯಪದಕ ಸಿಗಲಿಲ್ಲ, ನಗದು ಬಹುಮಾನ ಕೊಟ್ಟು ಸುಮ್ಮನಾದರು.

ಮೊಮ್ಮಗ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದಲ್ಲ ಎಂದೀರಿ. 2005ರ ಆ ಕಾಯಿದೆಯ ಎರಡನೇ ಅನುಸೂಚಿ ತೆರೆದು ನೋಡಿ: ವಿನಾಯಿತಿ ಪಡೆದ ಸಂಸ್ಥೆಗಳ ಸಾಲಿನಲ್ಲಿ ಈ ಪಡೆಯ ಹೆಸರಿದೆ. ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗಪಡಿಸುತ್ತೇವೆಂದು 2021ರಲ್ಲಿ ರಕ್ಷಣಾ ಸಚಿವಾಲಯ ಹೇಳಿತು. ಈ ಪಡೆ ಇರುವುದು ಸಂಪುಟ ಸಚಿವಾಲಯದ ಕೆಳಗೆ!

ಗುಟ್ಟು ಬಿಟ್ಟರೆ ಚೀನಾ ಕೆರಳುತ್ತದೆ ಎಂಬ ವಾದ ಹಳೆಯದು. 2020ರಲ್ಲಿ ಲಡಾಖಿನಲ್ಲಿ ಇದೇ ಪಡೆಯ ನ್ಯಿಮಾ ತೆಂಜಿನ್ ಸತ್ತಾಗ ಎರಡು ಬಾವುಟ ಹೊದಿಸಿ, ಕ್ಯಾಮೆರಾಗಳ ಮುಂದೆಯೇ ಮೆರವಣಿಗೆ ಮಾಡಲಿಲ್ಲವೆ? ಆಳುವ ಪಕ್ಷದ ನಾಯಕರೊಬ್ಬರು ಹೋಗಿ ನಮಿಸಿ ಟ್ವೀಟ್ ಹಾಕಿದರು, ಆಮೇಲೆ ಅಳಿಸಿದರು. ಚೀನಾಕ್ಕೆ ಗೊತ್ತಿರುವುದು, ಉಬಾನ್ ತಾವೇ ಪುಸ್ತಕ ಬರೆದು ಹೇಳಿದ್ದು, ಒಡೆಯರಪಾಳ್ಯದ ಮೊಮ್ಮಗನಿಗೆ ಮಾತ್ರ ಗೊತ್ತಾಗಬಾರದು. ಇದು ಯಾವ ಸೀಮೆಯ ರಹಸ್ಯ? 1971ರ ಕಾರ್ಯತಂತ್ರ ಯಾರಿಗೆ ಬೇಕು. ಪಡೆಯಲ್ಲಿದ್ದವರ, ಸತ್ತವರ ಹೆಸರಿನ ಪಟ್ಟಿಯನ್ನಾದರೂ ಕೊಡಿ.

ದೆಹಲಿಯನ್ನಷ್ಟೇ ಬೈದರೆ ಸಾಲದು. ತುರು ಬಿಡಿಸಲು ಹೋಗಿ ಸತ್ತವನಿಗೂ ಕಲ್ಲು ನೆಟ್ಟ ನಾಡು ನಮ್ಮದು. ಬೆಂಗಳೂರ ಕಾಳಗದಲ್ಲಿ ಸತ್ತವನ ಹೆಸರು ಬೇಗೂರಿನ ಕಲ್ಲಿನಲ್ಲಿ ಸಾವಿರದ ನೂರು ವರ್ಷವಾದರೂ ಉಳಿದಿದೆ. ಆ ವೀರಗಲ್ಲುಗಳ ಮೇಲೆ ಪಿಎಚ್.ಡಿ. ಮೇಲೆ ಪಿಎಚ್.ಡಿ. ಬರೆಯುವ ನಮ್ಮ ಇತಿಹಾಸ, ಜಾನಪದ ವಿಭಾಗಗಳಿಗೆ ಬೈಲಕುಪ್ಪೆ, ಮುಂಡಗೋಡು, ಒಡೆಯರಪಾಳ್ಯಗಳು ಇನ್ನೂ ಸ್ವೆಟರು, ಮೊಮೊ, ಗೊಂಪಾಗಳ ಊರು. ಅಲ್ಲಿರುವುದು ಕರ್ನಾಟಕದ ಇತಿಹಾಸವೇ ಅಲ್ಲವೆಂಬಂತೆ ಇದ್ದೇವೆ.

1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಸಿಪಾಯಿ ಈಗ ಎಪ್ಪತ್ತು ದಾಟಿದ್ದಾನೆ. ಅವನ ನೆನಪನ್ನು ಧ್ವನಿಮುದ್ರಿಸಿಕೊಳ್ಳಲು ಯಾವ ಅನುಸೂಚಿಯೂ ಅಡ್ಡ ಬರುವುದಿಲ್ಲ. ಈ ಕ್ಯಾಂಪುಗಳಿಗೆ ಬರಲು ವಿದೇಶಿ ಸಂಶೋಧಕರಿಗೆ ವಿಶೇಷ ಪರವಾನಗಿ ಬೇಕು. ನಮಗೆ ಕೊಳ್ಳೇಗಾಲದ ಬಸ್ ಟಿಕೆಟ್ ಸಾಕು.