ಆಟದ ಕೋಣೆಗೆ ಇಳಕಲ್ಲ ಸೀರೆಯ ಪಾಠ

ಬೇಸಿಗೆಯ ರಜೆ ಬಂತೆಂದರೆ ಬಾಗಲಕೋಟೆ, ಬಾದಾಮಿ, ಹುನಗುಂದದ ಬಿಸಿಲಿನಲ್ಲಿ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ಮಧ್ಯಾಹ್ನದ ಆಟವೆಲ್ಲ ಮನೆಯೊಳಗೇ. ಹಳೆಯ ಮಣ್ಣಿನ ಮಾಳಿಗೆಯ ಮನೆಯಾದರೆ ಬೆಳಕಿಂಡಿಯೊಂದನ್ನೇ ನಂಬಿದ ಒಳಕೋಣೆ. ಹೊಸ ಮನೆಯಾದರೆ, ಕೆಲವರಲ್ಲಿ, ನೆಲಮಾಳಿಗೆ. ಎರಡೂ ತಂಪು, ಎರಡೂ ಕತ್ತಲೆ.

ಕತ್ತಲೆಯ ತಾಣಕ್ಕೆ ಬಣ್ಣ ಬೇಕೆನಿಸುವುದು ಹೊಸದಲ್ಲ. ಕ್ರಿ.ಶ. 578ರ ಶಾಸನವಿರುವ ಬಾದಾಮಿಯ ಮೂರನೇ ಗುಹೆಯಲ್ಲಿ ವರ್ಣಚಿತ್ರಗಳ ಕುರುಹು ಇಂದಿಗೂ ಕಾಣುತ್ತದೆ. ಆದರೆ ಮಕ್ಕಳ ಕೋಣೆ ಎಂದೊಡನೆ ನಾಲ್ಕು ಗೋಡೆಗೆ ನಾಲ್ಕು ಗಾಢ ಬಣ್ಣ ಬಳಿಸುವವರುಂಟು. ಬಳಿಸಿದ ಮೇಲೆ ನೋಡಿದರೆ ಕೋಣೆ ಮೊದಲಿಗಿಂತ ಕತ್ತಲೆ! ಗಾಢ ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನು ಹೀರಿಕೊಳ್ಳುತ್ತದೆ. ಬಿಳುಪು ಅದನ್ನು ಕೋಣೆಗೇ ಹಿಂದಿರುಗಿಸುತ್ತದೆ.

ಹಾಗಾದರೆ ಮಾಡುವುದೇನು? ಅಜ್ಜಿಯ ಇಳಕಲ್ಲ ಸೀರೆಯನ್ನು ಒಮ್ಮೆ ಬಿಚ್ಚಿ ನೋಡಿ. ಒಡಲಿಗೆ ಒಂದು ಬಣ್ಣ, ದಡಿಗೆ ಇನ್ನೊಂದು, ಸೆರಗು ಕೆಂಪು. ಸೀರೆಯ ತುಂಬ ಕೆಂಪೇ ಇದ್ದಿದ್ದರೆ ಸೆರಗನ್ನು ಯಾರು ನೋಡುತ್ತಿದ್ದರು?

ಕೋಣೆಗೂ ಇದೇ ಲೆಕ್ಕ. ಚಾವಣಿ ಮತ್ತು ಗೋಡೆಯ ಮೇಲ್ಭಾಗ ಒಡಲು, ಅಲ್ಲಿ ಬಿಳುಪಿರಲಿ. ನೆಲದಿಂದ ಮೂರು ಅಡಿಯವರೆಗೆ ದಡಿ. ಅಲ್ಲಿ ಅರಿಷಿಣದ ಹಳದಿಯೋ ಗಿಳಿಹಸಿರೋ ಇರಲಿ. ಮಕ್ಕಳ ಕಣ್ಣು, ಕೈ ಎರಡೂ ತಲುಪುವುದು ಅಲ್ಲಿಗೇ. ಬೆಳಕು ಚೆನ್ನಾಗಿ ಬೀಳುವ ಒಂದು ಗೋಡೆ ಸೆರಗು. ಅದರಲ್ಲಿ ಒಂದಿಷ್ಟು ಭಾಗವನ್ನು ಕಪ್ಪು ಹಲಗೆ ಮಾಡಿಸಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ತರಗತಿಗಳಲ್ಲಿ ಮಕ್ಕಳ ಕೈಗೆಟುಕುವ ಎತ್ತರದಲ್ಲಿ ಹಲಗೆಗಳಿರುವುದನ್ನು ಪಾಲಕರು ನೋಡಿರಬಹುದು.

ಬಣ್ಣಕ್ಕಿಂತ ಮೊದಲು ಗೋಡೆಯ ತೇವ ನೋಡಿ. ಎರೆಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ. ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಪಟ್ಟಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ಹನಿ ಕಂಡರೆ ನೀರು ಗೋಡೆಯಿಂದಲೇ ಬರುತ್ತಿದೆ ಎಂದರ್ಥ. ಅಂಥ ಗೋಡೆಗೆ ಎಣ್ಣೆಬಣ್ಣ ಬಳಿದರೆ ಹಕ್ಕಳೆ ಏಳುತ್ತದೆ. ಸೋರುವುದನ್ನು ಮೊದಲು ಸರಿಪಡಿಸಿ, ಆಮೇಲೆ ಸುಣ್ಣ ಹೊಡೆಸಿ. ಹಸಿ ಸುಣ್ಣ ಕಣ್ಣು ಸುಡುತ್ತದೆ. ಅದು ಒಣಗುವವರೆಗೆ ಮಕ್ಕಳು ದೂರವಿರಲಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಹಳದಿ, ಕೆಂಪು, ಹಸಿರು ಎಣ್ಣೆಬಣ್ಣಗಳಲ್ಲಿ ಹಿಂದೆ ಸೀಸದ ಸಂಯುಕ್ತಗಳನ್ನು ಬಳಸುವುದಿತ್ತು. ಹತ್ತು ಲಕ್ಷ ಭಾಗದಲ್ಲಿ ಸೀಸ 90 ಭಾಗವನ್ನು ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. 2017ರ ನವೆಂಬರ್ 1ರಿಂದ ಅದು ಜಾರಿಗೆ ಬಂತು. ಅದಕ್ಕೂ ಮೊದಲು ಬಳಿದ ಬಾಗಿಲು, ಕಿಟಕಿ, ತೊಟ್ಟಿಲುಗಳಲ್ಲಿ ಆ ಬಣ್ಣ ಇನ್ನೂ ಇರಬಹುದು. ಉದುರಿದ ಪುಡಿ ಮಗುವಿನ ಕೈಗೆ ಅಂಟುತ್ತದೆ, ಕೈಯಿಂದ ಬಾಯಿಗೆ ಹೋಗುತ್ತದೆ. ಬೆಳೆಯುವ ಮಿದುಳಿಗೆ ಸೀಸ ವಿಷ. ಕಲಿಯುವ ಶಕ್ತಿ, ಗಮನ ಎರಡೂ ಕುಗ್ಗುತ್ತವೆ. ಸೀಸ ಇಷ್ಟಿದ್ದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಆದ್ದರಿಂದ ಹಳೆಯ ಬಣ್ಣವನ್ನು ಒಣಗಿದ್ದಂತೆಯೇ ಉಪ್ಪುಕಾಗದದಿಂದ ತಿಕ್ಕಿಸಬೇಡಿ, ಸುಟ್ಟು ತೆಗೆಸಲೂಬೇಡಿ. ನೀರು ಹಚ್ಚಿ ತೆಗೆಸಿ, ನೆಲವನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಿ. ಆ ಹೊತ್ತಿನಲ್ಲಿ ಮಕ್ಕಳು, ಬಸುರಿಯರು ಮನೆಯಲ್ಲಿ ಇರದಿರುವುದೇ ಲೇಸು. ಹೊಸ ಡಬ್ಬ ಕೊಳ್ಳುವಾಗ ಸೀಸದ ಬಗ್ಗೆ ಏನು ಬರೆದಿದೆ ಎಂದು ಓದಿ ನೋಡಿ. ಬರೆದಿಲ್ಲವಾದರೆ ಆ ಬಣ್ಣ ಎಷ್ಟೇ ಅಗ್ಗವಾಗಿದ್ದರೂ ಬೇಡ.

ವಿದ್ಯಾರ್ಥಿಗಳೇ, ದಡಿಗೆ ಯಾವ ಬಣ್ಣ, ಸೆರಗಿಗೆ ಯಾವ ಚಿತ್ರ ಎಂಬುದನ್ನು ನೀವೇ ಕಾಗದದ ಮೇಲೆ ಬರೆದು ಮನೆಯವರಿಗೆ ತೋರಿಸಿ. ಪಾಲಕರೇ, ಬಣ್ಣ ಆರಿಸುವ ಕೆಲಸ ಮಕ್ಕಳಿಗಿರಲಿ. ಡಬ್ಬದ ಮೇಲಿನ ಚೀಟಿ ಓದುವ ಕೆಲಸ ನಿಮ್ಮದಿರಲಿ.