ಮೊಟ್ಟೆ ಬಿಟ್ಟ ಮೇಲೆ ಸೌಟು ಆಡಿಸಬೇಡಿ

ಮಂಡ್ಯ, ಹಾಸನದ ಕಡೆ ಬಾಡು ತರಲಾಗದ ದಿನ ಎಷ್ಟೋ ಮನೆಗಳಲ್ಲಿ ಒಲೆಯೇರುವುದು ಮೊಟ್ಟೆ ಸಾರು. ಬೇಯಿಸಿ ಸುಲಿದ ಮೊಟ್ಟೆಯನ್ನು ಕೊನೆಗೆ ತೇಲಿಬಿಡುವ ಸಾರಲ್ಲ. ಮಸಾಲೆಗೇ ಹಸಿ ಮೊಟ್ಟೆ ಒಡೆದು ಬಿಡುವ ಸಾರು. ಬಾಡಿನ ಬದಲಿ ಎಂಬ ಹಣೆಪಟ್ಟಿ ಅಂಟಿದ್ದರಿಂದ ಅದರ ಹಿಂದಿನ ಕಸುಬು ಯಾರ ಲೆಕ್ಕಕ್ಕೂ ಬರಲಿಲ್ಲ.

ಅಜ್ಜಿಯ ಕೈರುಚಿ ಎಂದೊಡನೆ ಮೊಮ್ಮಕ್ಕಳು ಒರಳುಕಲ್ಲನ್ನು ನೆನೆದು ನಿಟ್ಟುಸಿರಿಡುತ್ತಾರೆ. ಆ ನಿಟ್ಟುಸಿರು ದಂಡ. ಹುರಿದ ಈರುಳ್ಳಿ, ಕಾಯಿ, ಧನಿಯಾ, ಚಕ್ಕೆ, ಲವಂಗ, ಒಂದಿಷ್ಟು ಹುರಿಗಡಲೆ ಮಿಕ್ಸಿಯಲ್ಲಿ ನುಣ್ಣಗಾದರೂ ಸಾರಿಗೇನೂ ಮೋಸವಿಲ್ಲ. ಸಾರು ಕೆಡುವುದು ಆಮೇಲೆ, ಮೊಟ್ಟೆ ಬಿಡುವ ಹೊತ್ತಿನಲ್ಲಿ.

ಅಲ್ಲಿ ಅಜ್ಜಿಯಂದಿರ ಕಟ್ಟಳೆಗಳು ಖಡಕ್ಕಾಗಿರುತ್ತವೆ. ಹುಣಸೆ ರಸ ಮೊದಲೇ ಬಿದ್ದಿರಬೇಕು. ಉರಿ ತಗ್ಗಬೇಕು. ಮೊಟ್ಟೆಯನ್ನು ಸಾರಿನ ಮೈಗೆ ಹತ್ತಿರದಿಂದ, ಒಂದರ ಮೇಲೊಂದು ಬೀಳದಂತೆ ಬಿಡಬೇಕು. ಮುಚ್ಚಳ ಮುಚ್ಚಿದ ಮೇಲೆ ಸೌಟಿಗೆ ಕೈ ಹಾಕಿದರೆ ಬೈಗುಳ ಖಾತ್ರಿ. ಇದು ಬರೀ ಹಟವಲ್ಲ. ಮೊಟ್ಟೆಯ ಬಿಳಿ ಗಟ್ಟಿಯಾಗತೊಡಗುವುದು 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಹಳದಿಗೆ ಇನ್ನೂ ತುಸು ಹೆಚ್ಚು ಕಾವು ಬೇಕು. ಕೊತಕೊತ ಕುದಿಯುವ ಸಾರು ಬಿಳಿ ಕಟ್ಟಿಕೊಳ್ಳುವ ಮೊದಲೇ ಅದನ್ನು ಚಿಂದಿ ಮಾಡುತ್ತದೆ. ಹುಳಿ ಇದ್ದರೆ ಪ್ರೋಟೀನು ಬೇಗ ಹೆಪ್ಪುಗಟ್ಟುತ್ತದೆ. ದೊಡ್ಡ ಹೋಟೆಲಿನ ಬಾಣಸಿಗರು ಹಸಿ ಮೊಟ್ಟೆ ಬೇಯಿಸುವ ನೀರಿಗೆ ವಿನೆಗರ್ ಹಾಕುವುದೂ ಇದಕ್ಕೇ. ಮುದ್ದೆಯ ಪಕ್ಕ ಮೊಟ್ಟೆ ಇಡಿಯಾಗಿ ಕೂರುವುದರಲ್ಲಿ ಹುಣಸೆಯ ಪಾಲೂ ಇದೆ.

ಮೊಟ್ಟೆ ತಾಜಾ ಇರಬೇಕು ಎಂಬುದಂತೂ ಚೌಕಾಶಿಯಿಲ್ಲದ ಮಾತು. ಹಳೆಯದಾದಂತೆ ಚಿಪ್ಪಿನ ಸೂಕ್ಷ್ಮ ರಂಧ್ರಗಳಿಂದ ತೇವ ಆರಿ ಒಳಗಿನ ಗಾಳಿಗೂಡು ಹಿಗ್ಗುತ್ತದೆ, ಬಿಳಿ ನೀರಾಗುತ್ತದೆ. ನೀರಿಗೆ ಹಾಕಿದಾಗ ತಳದಲ್ಲಿ ಮಲಗಿದರೆ ತಾಜಾ, ನೆಟ್ಟಗೆ ನಿಂತರೆ ಹಳತು, ತೇಲಿದರೆ ಸಾರಿನ ಆಸೆ ಬಿಡಬೇಕು. ಆದರೆ ನಾಟಿ ಮೊಟ್ಟೆಯೇ ಆಗಬೇಕೆಂಬ ಹಟ ಬೇಡ. ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ, ಹಳದಿಯ ಗಾಢ ಬಣ್ಣ ಅದು ತಿಂದ ಮೇವಿನಿಂದ. ವಾರಗಟ್ಟಲೆ ಬುಟ್ಟಿಯಲ್ಲಿ ಕೂತ ನಾಟಿ ಮೊಟ್ಟೆಗಿಂತ ನಿನ್ನೆಯ ಫಾರಂ ಮೊಟ್ಟೆ ವಾಸಿ.

ಈ ಕಸುಬನ್ನು ಮಕ್ಕಳು ಕಲಿಯುವುದೆಲ್ಲಿ? ರಾಜ್ಯದ ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲಿ ಈಗ ಮೊಟ್ಟೆ ಇದೆ. 2021ರ ಕೊನೆಗೆ ಕಲ್ಯಾಣ ಕರ್ನಾಟಕದಲ್ಲಿ ಅದು ಶುರುವಾದಾಗ ಕೆಲವು ಮಠಾಧೀಶರು ವಿರೋಧಿಸಿದ್ದರು, ಮಕ್ಕಳು ತಿಂದರು. ನೂರಾರು ತಟ್ಟೆಗೆ ಬಡಿಸುವಲ್ಲಿ ಬೇಯಿಸಿದ ಮೊಟ್ಟೆಯೇ ಸರಿ. ಹಾಗಾಗಿ ಮಕ್ಕಳಿಗೆ ಸುಲಿಯುವುದು ಚೆನ್ನಾಗಿ ಗೊತ್ತು. ಒಡೆಯುವುದನ್ನು ಮನೆಯೇ ಕಲಿಸಬೇಕು.

ಮೊಬೈಲಿನ ವಿಡಿಯೊಗಳು ಮಸಾಲೆಯ ಅಳತೆಯನ್ನು ಚಮಚದ ಲೆಕ್ಕದಲ್ಲಿ ಹೇಳುತ್ತವೆ, ಮುಚ್ಚಳ ಮುಚ್ಚಿದ ಆ ನಾಲ್ಕೈದು ನಿಮಿಷವನ್ನು ಕತ್ತರಿಸಿ ಎಸೆಯುತ್ತವೆ. ಬೇಸಿಗೆ ರಜೆಗೆ ಊರಿಗೆ ಹೋಗುವ ಮಕ್ಕಳನ್ನು, ಗಂಡುಹುಡುಗರನ್ನೂ ಸೇರಿಸಿ, ಅಜ್ಜಿಯ ಪಕ್ಕ ಒಲೆಯ ಮುಂದೆ ನಿಲ್ಲಿಸಬೇಕು. ಮೊದಲು ಬಟ್ಟಲಿಗೆ ಒಡೆಸುವುದು ಕ್ಷೇಮ. ಚಿಪ್ಪಿನ ಚೂರು ಬಿದ್ದರೆ ಅಲ್ಲೇ ಆರಿಸಿ ತೆಗೆಯಬಹುದು.